ಓಡಿಸುವವರನ್ನು ಕೇಳದ ವರ್ಕ್‌ಶಾಪು

ಕೆಟ್ಟಿದ್ದು ವ್ಯಾನಿನ ಬ್ರೇಕು. ಕೆಲಸ ಕಳೆದುಕೊಂಡಿದ್ದು ಅದನ್ನು ಓಡಿಸುತ್ತಿದ್ದ ಹೆಂಗಸು. ದೋಷವನ್ನು ತಪ್ಪಾಗಿ ಗುರುತಿಸಿದವರಿಗೆ ಏನೂ ಆಗಲಿಲ್ಲ. ಆ ತಪ್ಪನ್ನು ನಂಬಿ ಸಹಿ ಹಾಕಿದ ನನಗೂ ಏನೂ ಆಗಲಿಲ್ಲ.

ಕೊಳ್ಳೇಗಾಲದಲ್ಲಿ ನಾವು ಕೆಲವರು ಸೇರಿ ಒಂದು ಸಣ್ಣ ಕೇಂದ್ರ ನಡೆಸುತ್ತೇವೆ. ನಡೆಯಲಾಗದ ಮಕ್ಕಳಿಗೆ ಅಲ್ಲಿ ವ್ಯಾಯಾಮ ಚಿಕಿತ್ಸೆ ಕೊಡಲಾಗುತ್ತದೆ. ನಾನು ಅದರ ಕಾರ್ಯದರ್ಶಿ. ಮಕ್ಕಳಲ್ಲಿ ಹೆಚ್ಚಿನವರು ಹನೂರಿನ ಆಚೆಯ ಹಳ್ಳಿಗಳವರು. ಗಾಲಿಕುರ್ಚಿಯನ್ನೂ ಮಗುವನ್ನೂ ಒಟ್ಟಿಗೆ ಹೊತ್ತು ತಾಯಂದಿರು ಬಸ್ಸು ಹತ್ತುವುದು ಸಾಧ್ಯವಿಲ್ಲವಾದ್ದರಿಂದ ಒಂದು ವ್ಯಾನ್ ಇಟ್ಟುಕೊಂಡೆವು. ಅದನ್ನು ಓಡಿಸಲು ಅಜ್ಜೀಪುರದ ಒಬ್ಬ ಹೆಂಗಸು ಬಂದರು. ಗಂಡನ ಗೂಡ್ಸ್ ಆಟೊದಲ್ಲಿ ಸ್ಟೇರಿಂಗ್ ಹಿಡಿಯಲು ಕಲಿತು, ಪರೀಕ್ಷೆ ಕೊಟ್ಟು ಲೈಸೆನ್ಸ್ ಪಡೆದವರು. ನಮ್ಮ ವಾರ್ಷಿಕ ವರದಿಯ ರಕ್ಷಾಪುಟದಲ್ಲಿ ಅವರ ಚಿತ್ರ ಹಾಕಿದೆವು. ಹೆಣ್ಣೊಬ್ಬಳ ಕೈಗೆ ವಾಹನ ಕೊಟ್ಟ ಹೆಮ್ಮೆ ನಮಗೆ ಸಾಕಷ್ಟಿತ್ತು. ಆ ಹೆಮ್ಮೆಯನ್ನೂ ನಾನು ಇಲ್ಲಿ ತಪ್ಪುಗಳ ಸಾಲಿಗೇ ಸೇರಿಸುತ್ತೇನೆ, ಏಕೆಂದರೆ ಅದು ಚಿತ್ರದ ಮಟ್ಟಕ್ಕೆ ನಿಂತಿತ್ತು.

ಮೊದಲ ವರ್ಷ ಎಲ್ಲ ಸುಸೂತ್ರವಾಗಿತ್ತು. ಎರಡನೆಯ ವರ್ಷ ಒಂದು ಬೆಳಿಗ್ಗೆ, ಒಡೆಯರಪಾಳ್ಯದ ಕಡೆಯಿಂದ ಮಕ್ಕಳನ್ನು ಕರೆತರುವಾಗ, ಇಳಿಜಾರು ಮುಗಿದು ಮುಂದಿನ ದಿಣ್ಣೆ ಏರುವಲ್ಲಿ ವ್ಯಾನ್ ನಿಂತಿತು. ಸುಟ್ಟ ವಾಸನೆ, ಹೊಗೆ. ತಾಯಂದಿರು ಮಕ್ಕಳನ್ನು ಎತ್ತಿಕೊಂಡು ರಸ್ತೆಬದಿಯ ನೆರಳಿನಲ್ಲಿ ಎರಡು ಗಂಟೆ ಕುಳಿತರು. ವ್ಯಾನನ್ನು ಕೊಳ್ಳೇಗಾಲದ ದೊಡ್ಡ ವರ್ಕ್‌ಶಾಪಿಗೆ ಎಳೆಸಿದೆವು. ಕ್ಲಚ್ ಪ್ಲೇಟ್ ಸುಟ್ಟಿದೆ ಎಂದರು, ಬದಲಿಸಿದರು.

ವ್ಯಾನ್ ಬಿಡಿಸಿಕೊಳ್ಳಲು ಹೋದ ದಿನ ಚಾಲಕಿ ನನ್ನನ್ನು ಪಕ್ಕಕ್ಕೆ ಕರೆದರು.

“ಅಕ್ಕಾ, ಇದು ಬರೀ ಕ್ಲಚ್ಚಲ್ಲ ಕಣಕ್ಕ. ಇಳುಕ್ಲು ಇಳ್ದು ಬಂದ ಮ್ಯಾಲೆ ಗಾಡಿನ ಹಿಂದ್ಗಡಿಂದ ಯಾರೋ ಹಿಡ್ಕಂಡಂಗೆ ಆಯ್ತದೆ. ವಾಸ್ನೆನೂ ಮೊದ್ಲು ಹಿಂದ್ಗಡಿಂದನೇ ಬಂತು. ಅವರಿಗೆ ವಸಿ ಏಳಿ.”

“ನೀನೇ ಹೇಳಮ್ಮ, ನಿನಗೆ ತಾನೆ ಗೊತ್ತಿರೋದು,” ಎಂದೆ.

“ನಾ ಆಗ್ಲೇ ಏಳ್ದಿ. ಅವ್ರು ನಿಮ್ ಮಕಾನೇ ನೋಡ್ತಾರೆ.”

ನಿಜ. ವರ್ಕ್‌ಶಾಪಿನ ಮೇಲ್ವಿಚಾರಕ ಪ್ರತಿ ಮಾತನ್ನೂ ನನಗೇ ಹೇಳುತ್ತಿದ್ದರು. ನನಗೆ ಕ್ಲಚ್ಚು ಎಲ್ಲಿರುತ್ತದೆಂಬುದೂ ಸರಿಯಾಗಿ ತಿಳಿಯದು. ಆದರೆ ನಾನು ಕಾರ್ಯದರ್ಶಿ, ಬಿಲ್ಲಿಗೆ ಸಹಿ ನನ್ನದು.

ಮೂರು ತಿಂಗಳು ಕಳೆಯುವಷ್ಟರಲ್ಲಿ ಎರಡನೆಯ ಪ್ಲೇಟೂ ಸುಟ್ಟಿತು, ಹೆಚ್ಚೂಕಡಿಮೆ ಅದೇ ಜಾಗದಲ್ಲಿ. ಈ ಸಲ ಮೇಲ್ವಿಚಾರಕ ಕಂಪ್ಯೂಟರಿನ ವೈರನ್ನು ಸ್ಟೇರಿಂಗ್ ಕೆಳಗೆ ಸಿಕ್ಕಿಸಿ ಪರದೆಯನ್ನು ನನ್ನ ಕಡೆ ತಿರುಗಿಸಿದರು.

“ನೋಡಿ ಮೇಡಂ, ಒಂದೇ ಒಂದ್ ಎರರ್ ಕೂಡ ಇಲ್ಲ. ಗಾಡಿ ಪಕ್ಕಾ ಇದೆ. ಓಡ್ಸೋದ್ರಲ್ಲಿ ಇರೋದು. ಕ್ಲಚ್ ಮೇಲೆ ಕಾಲಿಟ್ಕಂಡು ಹೊಲಿಗೆ ಮಿಷನ್ ತುಳ್ದಂಗೆ ತುಳೀತಾ ಇದ್ರೆ ಪ್ಲೇಟ್ ಎಷ್ಟ್ ದಿನ ಬಾಳ್ತದೆ?”

ಸುತ್ತ ನಿಂತಿದ್ದ ಮೆಕ್ಯಾನಿಕ್‌ಗಳು ನಕ್ಕರು. ಚಾಲಕಿ ನಗಲಿಲ್ಲ.

“ಒಲಿಗೆ ಮಿಷನ್ ಕೆಟ್ರೆ ಒಲಿಯೋರ್ನ ಕೇಳ್ತಾರೆ ಸಾ, ದಾರ ಎಲ್ಲಿ ಕಡೀತದೆ ಅಂತ. ಗಾಡಿ ಕೆಟ್ರೆ ಓಡ್ಸೋರ್ನ ಯಾಕೆ ಕೇಳಕಿಲ್ಲ ನೀವು?”

“ಆಯ್ತಮ್ಮ, ಟ್ರಯಲ್ ನೋಡೇ ಕೊಡ್ತೀವಿ.”

“ಅಂಗಾರೆ ನಾನೂ ಕೂತ್ಕತ್ತೀನಿ. ಜನ ತುಂಬ್ಕಳಿ, ಇಲ್ಲಾಂದ್ರೆ ಮೂಟೆ ಆಕ್ಕಳಿ. ಇಳುಕ್ಲಿರೋ ಕಡೆ ಓಗುವ. ಖಾಲಿ ಇದ್ರೆ ಗಾಡಿ ಏನೂ ಮಾಡಕಿಲ್ಲ.”

“ಟ್ರಯಲ್‌ನಲ್ಲಿ ಕಸ್ಟಮರ್ ಕೂರಂಗಿಲ್ಲ. ರೂಲ್ಸು.”

ಒಬ್ಬ ಮೆಕ್ಯಾನಿಕ್ ಖಾಲಿ ವ್ಯಾನನ್ನು ಹೊರಗೆ ತೆಗೆದರು. ಊರಾಚೆಯ ಮಟ್ಟಸವಾದ ರಸ್ತೆಯಲ್ಲಿ ಟೀ ಅಂಗಡಿಯವರೆಗೆ ಹೋಗಿ ತಿರುಗಿ ಬಂದರು. ಆ ವರ್ಕ್‌ಶಾಪಿನಲ್ಲಿ ಎಲ್ಲ ಗಾಡಿಗಳ ಪರೀಕ್ಷೆಯೂ ಅಲ್ಲಿಗೇ ಹೋಗಿ ಅಲ್ಲಿಂದಲೇ ಹಿಂತಿರುಗುತ್ತದೆಂದು ಆಮೇಲೆ ತಿಳಿಯಿತು. ಗುಡ್ಡದ ಊರುಗಳಿಂದ ಬರುವ ಗಾಡಿಗಳನ್ನು ಗುಡ್ಡವೇ ಇಲ್ಲದ ರಸ್ತೆಯಲ್ಲಿ, ತುಂಬಿ ಬರುವ ಗಾಡಿಗಳನ್ನು ಖಾಲಿಯಾಗಿ ಓಡಿಸಿ ನೋಡುವುದು ಅಲ್ಲಿನ ಪದ್ಧತಿ. ಮೆಕ್ಯಾನಿಕ್ ಇಳಿದು “ಏನೂ ತೊಂದ್ರೆ ಇಲ್ಲ” ಎಂದರು. ರಿಪೇರಿಯ ವಿವರ ದಾಖಲಿಸುವ ಜಾಬ್ ಕಾರ್ಡಿನ ಕೊನೆಯ ಸಾಲಿನಲ್ಲಿ ಕಾರಣ ‘ಡ್ರೈವಿಂಗ್ ಫಾಲ್ಟ್’ ಎಂದು ಅಚ್ಚಾಗಿ ಬಂತು. ಅದರ ಕೆಳಗೆ ನಾನು ಸಹಿ ಮಾಡಿದೆ.

ಆ ಸಹಿಯ ಬಗ್ಗೆ ಬಹಳ ಯೋಚಿಸಿದ್ದೇನೆ. ಕಾರಣ ಕೇಳದೆ ಯಾರನ್ನೂ ಶಿಕ್ಷಿಸಬಾರದೆಂಬ ನಿಯಮವಿದ್ದ ಶಾಲೆಯಲ್ಲಿ ಓದಿದವಳು ನಾನು. ತಪ್ಪು ಮಾಡಿದಳೆಂದು ದೂರು ಬಂದ ಹುಡುಗಿಯ ಮಾತನ್ನು ಮೊದಲು ಕೇಳಿ, ಅನಂತರವೇ ಉಳಿದವರ ಮಾತು ಕೇಳುತ್ತಿದ್ದರು. ನಮ್ಮ ಕೇಂದ್ರದ ಮಕ್ಕಳ ಪರವಾಗಿ ಕಚೇರಿಗಳ ಮುಂದೆ ನಿಂತು ಎಷ್ಟೋ ಸಲ ಆ ನ್ಯಾಯವನ್ನೇ ಬೇಡಿದ್ದೇನೆ. ಆದರೂ ಪರದೆಯ ಮೇಲೆ ಮೂಡಿದ ಇಂಗ್ಲಿಷ್ ಅಕ್ಷರಗಳ ಎದುರು, ಪ್ರತಿದಿನ ಆ ಗಾಡಿಯಲ್ಲಿ ಕೂತು ಅದರ ನಡುಕವನ್ನು ಅಂಗಾಲಿನಲ್ಲಿ ಅರಿಯುವವರ ಮಾತು ನನಗೆ ಹಗುರವಾಗಿ ಕಂಡಿತು. ಮೇಲ್ವಿಚಾರಕರು ನನ್ನನ್ನು ವಂಚಿಸಲಿಲ್ಲ. ಅವರು ತಮ್ಮ ಯಂತ್ರವನ್ನು ಪ್ರಾಮಾಣಿಕವಾಗಿ ನಂಬಿದ್ದರು. ಯಂತ್ರಕ್ಕೆ ಗೊತ್ತಿಲ್ಲದ ದೋಷವೂ ಇರಬಹುದೆಂದು ಅವರು ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ.

ನಮ್ಮ ಸಮಿತಿ ಸೇರಿತು. ಚಾಲಕರನ್ನು ಬದಲಿಸಿ ನೋಡೋಣ ಎಂಬ ತೀರ್ಮಾನವಾಯಿತು. ಆ ಸಭೆಗೆ ಚಾಲಕಿಯನ್ನು ಕರೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ತೀರ್ಮಾನವನ್ನು ಕೇಂದ್ರದ ಗೇಟಿನ ಬಳಿ ನಾನೇ ತಿಳಿಸಿದೆ. ಆಕೆ ಕೀಲಿ ಕೊಟ್ಟು, ಸೀಟಿನ ಮೇಲೆ ಹಾಸಿದ್ದ ತಮ್ಮ ಟವೆಲನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡರು.

“ನಾ ಏಳಿದ್ನ ಎಲ್ಲಾದ್ರೂ ಬರ್ಕಂಡಿದ್ರಾ ಅಕ್ಕ?” ಎಂದು ಕೇಳಿದರು.

ಇಲ್ಲವೆಂದೆ.

“ಅವ್ರು ಏಳಿದ್ದು ಬರ್ದವ್ರೆ,” ಎಂದಷ್ಟೇ ಹೇಳಿ ಬಸ್‌ಸ್ಟ್ಯಾಂಡಿನ ಕಡೆ ನಡೆದರು.

ಹೊಸ ಚಾಲಕರು ಹನೂರಿನವರು, ಬಹಳ ಕಾಲ ಲಾರಿ ಓಡಿಸಿದ ಅನುಭವಸ್ಥರು. ಅವರ ಕಾಲ ಕೆಳಗೂ ಮೂರನೆಯ ತಿಂಗಳಲ್ಲಿ ವ್ಯಾನ್ ಅದೇ ವಾಸನೆ ಹೊಡೆಯಿತು. ಈಗಲಾದರೂ ವರ್ಕ್‌ಶಾಪಿನವರು ಬೇರೆ ಕಾರಣ ಹುಡುಕುತ್ತಾರೆಂದುಕೊಂಡೆ. ಮೇಲ್ವಿಚಾರಕರು ಕೊಟ್ಟ ಉತ್ತರವನ್ನು ಹಾಗೇ ಬರೆಯುತ್ತೇನೆ: “ಹಳೇ ಡ್ರೈವರ್ ಕೆಡ್ಸಿಟ್ಟಿರೋದು ಮೇಡಂ. ಒಂದ್ಸಲ ಕೆಟ್ರೆ ಸೆಟ್ ಆಗೋಕೆ ಟೈಮ್ ಹಿಡೀತದೆ.” ಗಂಡಸು ಓಡಿಸುವಾಗ ಕೆಟ್ಟರೂ ತಪ್ಪು ಹೆಂಗಸಿನದೇ, ಆಕೆ ಕೆಲಸದಲ್ಲೇ ಇಲ್ಲದಿದ್ದರೂ ಆಕೆಯದೇ.

ಹೊಸ ಚಾಲಕರೇ ಬೇರೆ ದಾರಿ ತೋರಿಸಿದರು. “ಯಳಂದೂರಲ್ಲಿ ಒಬ್ರವ್ರೆ ಮೇಡಂ, ಟ್ರ್ಯಾಕ್ಟ್ರು, ಟೆಂಪೋ ರಿಪೇರಿ ಮಾಡ್ತಾರೆ. ಬಾಯಿ ವಸಿ ಒರಟು. ಕೈ ಚೆಂದಾಗದೆ.”

ತಗಡಿನ ಶೆಡ್ಡು, ಮುಂದೆ ಬಿಚ್ಚಿಟ್ಟ ಟ್ರ್ಯಾಕ್ಟರು. ಐವತ್ತು ದಾಟಿದ ಆ ಮೆಕ್ಯಾನಿಕ್ ಬಾನೆಟ್ ಎತ್ತಲಿಲ್ಲ. ಕೈ ಒರೆಸಿಕೊಳ್ಳುತ್ತಾ ಮೊದಲು ಕೇಳಿದ್ದು ಒಂದೇ ಪ್ರಶ್ನೆ:

“ಇದು ಯಾವಾಗ ಇಂಗಾಡ್ತದೆ?”

ಇಷ್ಟು ತಿಂಗಳುಗಳಲ್ಲಿ ಆ ಪ್ರಶ್ನೆಯನ್ನು ನಾನು ಯಾರ ಬಾಯಲ್ಲೂ ಕೇಳಿರಲಿಲ್ಲ. ಉತ್ತರಿಸಲು ನನ್ನ ಬಳಿ ಇದ್ದುದು ಹಿಂದಿನ ಚಾಲಕಿಯ ಮಾತು ಮಾತ್ರ. ಇಳಿಜಾರು ಇಳಿದ ಮೇಲೆ, ಜನ ತುಂಬಿದ್ದಾಗ, ಹಿಂದಿನಿಂದ ಯಾರೋ ಹಿಡಿದುಕೊಂಡ ಹಾಗೆ, ವಾಸನೆಯೂ ಹಿಂದಿನಿಂದಲೇ ಎಂದು ಹೇಳಿದೆ.

“ಯಾರು ಏಳಿದ್ದು ಇದ?”

“ಮೊದಲು ಓಡಿಸುತ್ತಿದ್ದವರು.”

“ಅವ್ರೆಲ್ಲಿ?”

“ಬಿಡಿಸಿಬಿಟ್ಟೆವು.”

ಅವರು ನನ್ನನ್ನೊಮ್ಮೆ ನೋಡಿದರು. “ಚೆಂದಾಗದೆ ನಿಮ್ ಇಸ್ಯ. ರೋಗ ಏಳ್ದೋರ್ನ ಆಚ್ಗೆ ಕಳ್ಸಿ ರೋಗಾನ ಮನೇಲಿ ಮಡಿಕಂಡಿದ್ದೀರಿ.”

ಪಕ್ಕದ ಅಕ್ಕಿ ಗಿರಣಿಯವರನ್ನು ಕೇಳಿ ಒಂದಷ್ಟು ಭತ್ತದ ಮೂಟೆಗಳನ್ನು ವ್ಯಾನಿಗೆ ಹಾಕಿಸಿದರು. ಹೊಸ ಚಾಲಕರೇ ಓಡಿಸಬೇಕು, ತಾವು ಪಕ್ಕದಲ್ಲಿ ಕೂರುವುದು ಎಂದರು. ಬಿಳಿಗಿರಿರಂಗನ ಬೆಟ್ಟದ ರಸ್ತೆಯಲ್ಲಿ ಕೆಲವು ತಿರುವು ಏರಿ, ಹಾಗೇ ಇಳಿದು, ಸಮತಟ್ಟು ಸಿಕ್ಕಿದ ಕಡೆ ನಿಲ್ಲಿಸಿದೆವು. ಮೆಕ್ಯಾನಿಕ್ ಇಳಿದು ನೀರಿನ ಬಾಟಲಿಯಿಂದ ಹಿಂದಿನ ಚಕ್ರದ ಬ್ರೇಕ್ ಡ್ರಮ್ಮಿನ ಮೇಲೆ ನಾಲ್ಕು ಹನಿ ಬಿಟ್ಟರು. ಕಾದ ಹೆಂಚಿನ ಮೇಲೆ ಬಿದ್ದಂತೆ ಚುರ್ ಎಂದಿತು. ಜಾಕಿ ಕೊಟ್ಟು ಎತ್ತಿ ಚಕ್ರ ತಿರುಗಿಸಲು ನೋಡಿದರೆ ಇಬ್ಬರಿಗೂ ಅಲ್ಲಾಡಿಸಲಾಗಲಿಲ್ಲ. ಬ್ರೇಕಿಗೆ ಯಾರ ಕಾಲೂ ತಾಗಿರಲಿಲ್ಲ; ಚಕ್ರ ಮಾತ್ರ ಕಚ್ಚಿಕೊಂಡಿತ್ತು.

ಶೆಡ್ಡಿಗೆ ಮರಳಿದ ಮೇಲೆ ಹಿಂದಿನ ಬ್ರೇಕಿಗೆ ಎಣ್ಣೆ ಸಾಗಿಸುವ ಗೇಣುದ್ದದ ರಬ್ಬರ್ ಪೈಪನ್ನು ಬಿಚ್ಚಿ, ಉದ್ದಕ್ಕೆ ಸೀಳಿ ನನ್ನ ಅಂಗೈ ಮೇಲಿಟ್ಟರು. ಹೊರಗೆ ಹೊಸದರಂತಿತ್ತು. ಒಳಗೆ ಊದಿ ಮುಚ್ಚಿಹೋಗಿತ್ತು.

“ತುಳ್ದಾಗ ಎಣ್ಣೆ ಓಯ್ತದೆ, ಬುಟ್ಟಾಗ ವಾಪಸ್ ಬರಕ್ಕೆ ದಾರಿ ಇಲ್ಲ. ಬ್ರೇಕ್ ಹಿಡ್ದಂಗೇ ಇರ್ತದೆ. ಅದ್ರ ಮ್ಯಾಲೆ ದಿಣ್ಣೆ ಅತ್ತುಸ್ಬೇಕು ಅಂದ್ರೆ ಕ್ಲಚ್ಚು ಸುಡ್ದೆ ಇನ್ನೇನಾಯ್ತದೆ? ವಸಿ ಒತ್ತು ನಿಂತ್ರೆ ಅದೇ ನಿಧಾನಕ್ಕೆ ಬುಟ್ಕತದೆ. ಇದು ಕಂಪ್ಯೂಟರ್‌ಗೆ ಎಂಗ್ ಕಾಣ್ತದೆ? ಇದ್ರಲ್ಲಿ ವೈರೇ ಇಲ್ವಲ್ಲ.”

ಕ್ಲಚ್ ಸುಟ್ಟು ವ್ಯಾನ್ ನಿಂತಿತೆಂದು ನಾವು ಗೊಣಗಿದ್ದೆವು. ನಿಲ್ಲದೆ, ಕಚ್ಚಿಕೊಂಡೇ ಕಾದು ಕಾದು ಆ ಇಳಿಜಾರಿನಲ್ಲೇ ಬ್ರೇಕು ಕೈಕೊಟ್ಟಿದ್ದರೆ ಏನಾಗುತ್ತಿತ್ತೆಂದು ಮಕ್ಕಳ ತಾಯಂದಿರ ಮುಂದೆ ಕೂತು ಹೇಳುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ.

ಮರುದಿನ ಆ ಸೀಳಿದ ಪೈಪು ಹಿಡಿದು ಅಜ್ಜೀಪುರಕ್ಕೆ ಹೋದೆ. ಆಕೆ ಇನ್ನೊಬ್ಬರ ಹೊಲದಲ್ಲಿ ಮುಸುಕಿನ ಜೋಳ ಮುರಿಯುತ್ತಿದ್ದರು. ಪೈಪನ್ನು ತಿರುಗಿಸಿ ಮುರುಗಿಸಿ ನೋಡಿದರು. ಸಿಟ್ಟಾಗಲಿಲ್ಲ, ಗೆದ್ದೆ ಎಂಬ ಭಾವವನ್ನೂ ತೋರಿಸಲಿಲ್ಲ. ಕೆಲಸಕ್ಕೆ ಮರಳಿ ಬರಬೇಕೆಂದು ಕೇಳಿಕೊಂಡೆ.

“ಒಂದ್ ಇಸ್ಕೂಲ್ ವ್ಯಾನ್‌ಗೆ ಓಗಿದ್ದಿ ಅಕ್ಕ. ನೋಡುದ್ರು, ಓಡುಸ್ದಿ, ಬಾ ಅಂದ್ರು. ಅವ್ರ ಗಾಡಿನೂ ಅದೇ ವರ್ಕ್‌ಶಾಪ್‌ಗೇ ಓಗದು. ಅಲ್ಲಿ ಇಚಾರ್ಸವ್ರೆ. ಆಮ್ಯಾಲೆ ಬ್ಯಾಡ ಅಂದ್ಬುಟ್ರು. ನಿಮ್ ಕೆಲ್ಸಕ್ಕೆ ಬತ್ತೀನೋ ಇಲ್ವೋ ಆಮ್ಯಾಲೆ ನೋಡುವ. ಮೊದ್ಲು ಆ ಕಾಗ್ದುದಲ್ಲಿ ಬರ್ದಿರೋದ್ನ ಒಡ್ದಾಕ್ಸಿ. ಅದು ಇರಗಂಟ ನಾ ಎಲ್ಲೋದ್ರೂ ಅದೇ ಮುಂದ್ಕೆ ಓಯ್ತದೆ.”

ಅಂದೇ ವರ್ಕ್‌ಶಾಪಿಗೆ ಹೋದೆ. ಮೇಲ್ವಿಚಾರಕರು ಪೈಪು ನೋಡಿದರು. ಅವರ ಮುಖ ಸಪ್ಪಗಾಯಿತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. “ಹೌದು, ಇದು ನಮಗೆ ಗೊತ್ತಾಗಲಿಲ್ಲ,” ಎಂದರು. ಜಾಬ್ ಕಾರ್ಡ್ ತಿದ್ದಿ ಎಂದಾಗ ಮಾತ್ರ ತಲೆಯಾಡಿಸಿದರು. “ಸಿಸ್ಟಮ್‌ನಲ್ಲಿ ಕ್ಲೋಸ್ ಆಗೋಗಿದೆ ಮೇಡಂ. ಕ್ಲೋಸ್ ಆದ ಮೇಲೆ ನಾವು ಮುಟ್ಟಕ್ಕಾಗಲ್ಲ.”

ಒಬ್ಬ ದುಡಿಯುವ ಹೆಂಗಸಿನ ಹೆಸರು ಕೆಡಿಸಲು ಒಂದು ಕ್ಷಣ ಸಾಕಾಗುವ ವ್ಯವಸ್ಥೆಯಲ್ಲಿ ಅದನ್ನು ಸರಿಪಡಿಸಲು ಗುಂಡಿಯೇ ಇಲ್ಲವೆಂದರೆ, ಆ ವ್ಯವಸ್ಥೆಯನ್ನು ಕಟ್ಟಿದವರೂ ಬಳಸುವವರೂ ಅದಕ್ಕೆ ಹೊಣೆ. ಆದ್ದರಿಂದ ಇದನ್ನು ನೆನಪಿಗಾಗಿ ಮಾತ್ರ ಬರೆಯುತ್ತಿಲ್ಲ.

ನನ್ನ ಸಮಿತಿಯ ಸದಸ್ಯರೇ, ಚಾಲಕಿಯನ್ನು ತೆಗೆದ ತೀರ್ಮಾನವನ್ನು ಮುಂದಿನ ಸಭೆಯಲ್ಲಿ ಅವರನ್ನು ಎದುರಿಗೆ ಕೂರಿಸಿಕೊಂಡು ರದ್ದುಮಾಡಿ. ಅವರು ಕೆಲಸಕ್ಕೆ ಮರಳಲಿ, ಬಿಡಲಿ, ರದ್ದಾಗಲೇಬೇಕು. ನನ್ನ ಸಹಿ ತಪ್ಪಾಗಿತ್ತೆಂದು ನಡಾವಳಿಯಲ್ಲಿ ಬರೆಯಿರಿ.

ವರ್ಕ್‌ಶಾಪಿನ ಮಾಲೀಕರೇ, ನಿಮ್ಮ ಕಂಪ್ಯೂಟರ್ ಮುಚ್ಚಿದ್ದನ್ನು ನಿಮ್ಮ ಪೆನ್ನು ತೆರೆಯಬಲ್ಲದು. ನಿಮ್ಮ ಲೆಟರ್‌ಹೆಡ್ಡಿನ ಒಂದು ಹಾಳೆಯ ಮೇಲೆ ಆ ಜಾಬ್ ಕಾರ್ಡಿನ ಸಂಖ್ಯೆ ನಮೂದಿಸಿ, “ದೋಷ ಹಿಂಬದಿ ಬ್ರೇಕಿನ ಪೈಪಿನದು, ಚಾಲಕಿಯದಲ್ಲ, ನಾವು ಅವರ ಮಾತನ್ನು ಕೇಳದೆ ಬರೆದೆವು” ಎಂದು ಬರೆದು, ಸಹಿ, ಮೊಹರು ಹಾಕಿ. ಒಂದು ಪ್ರತಿಯನ್ನು, ನಿಮ್ಮ ಮಾತು ಕೇಳಿ ಅವರನ್ನು ಬೇಡವೆಂದ ಶಾಲೆಗೆ ಕಳಿಸಿ. ಇನ್ನೊಂದನ್ನು ಅಂಚೆಗೆ ಹಾಕಬೇಡಿ. ಈ ತಿಂಗಳು ಮುಗಿಯುವುದರೊಳಗೆ ನೀವೇ ಅಜ್ಜೀಪುರಕ್ಕೆ ಹೋಗಿ ಅವರ ಕೈಗೆ ಕೊಡಿ.