ಕಂಚಿನ ತಟ್ಟೆಯ ಸದ್ದು

ಮಹಾರಾಜರ ಕಾಲದಲ್ಲಿ ನಾನು ಹೆಗ್ಗಡದೇವನಕೋಟೆಯಲ್ಲಿ ಡಾಕ್ಟರಾಗಿದ್ದೆ. ಫಿಟ್ಸ್ ಬರುವ ಎಳೆಮಕ್ಕಳ ವಿವರಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಹುಟ್ಟಿದಾಗ ಅಳಲು ತಡಮಾಡಿದ ಮಕ್ಕಳಿಗೇ ಮಿದುಳಿನ ತೊಂದರೆ ಬರುತ್ತದೆಯೇ ಎಂಬುದು ನನ್ನ ಪ್ರಶ್ನೆ.

ಅಳದ ಕೂಸಿನ ಕಿವಿಯ ಬಳಿ ಕಂಚಿನ ತಟ್ಟೆ ಬಡಿಯುವುದು ಅಲ್ಲಿನ ರೂಢಿ. ಒಮ್ಮೆ ಅದನ್ನು ಕಂಡು ಸಿಟ್ಟಿಗೆದ್ದು, ಸೂಲಗಿತ್ತಿ ಅಜ್ಜಿಯನ್ನು ಎಲ್ಲರೆದುರು ಬೈದೆ. ಆಮೇಲೆ ಯಾವ ಕೂಸಿನ ಬಗ್ಗೆ ಕೇಳಿದರೂ ಅವಳದು ಒಂದೇ ಮಾತು: "ಉಟ್ತಿದ್ದಂಗೇ ಅಳ್ತು ಸ್ವಾಮಿ." ನಾನು ಹಾಗೆಯೇ ಬರೆದುಕೊಂಡೆ.

ವರ್ಗವಾಗಿ ಹೊರಟ ದಿನ ಅಜ್ಜಿ ತಾನಾಗಿಯೇ ಹೇಳಿದಳು: "ಅಳ್ನಿಲ್ಲ, ತಟ್ಟೆ ಬಡ್ದೆ ಅಂದ್ರೆ ನೀವು ಬಯ್ತೀರಲ್ಲ. ಅದ್ಕೇ ಅಂಗಂದೆ."

ಪುಸ್ತಕ ಇನ್ನೂ ನನ್ನ ಬಳಿಯೇ ಇದೆ. ಅದರಲ್ಲಿ ಎಲ್ಲ ಮಕ್ಕಳೂ ಹುಟ್ಟುತ್ತಲೇ ಅತ್ತಿವೆ.