ರೋಗಿಯ ಸಹಿ

ಬೆಳಕು ಹರಿಯುವುದರೊಳಗೆ ಅತ್ತಿಗೆ ಮುಗಿಸಿದ್ದು ಇಷ್ಟು: ಹಿಟ್ಟು ನಾದಿಟ್ಟದ್ದು, ಮಾವನ ಮಾತ್ರೆಗಳನ್ನು ಮೂರು ಹೊತ್ತಿಗೆಂದು ಮೂರು ಬಟ್ಟಲಿಗೆ ಹಂಚಿದ್ದು, ಅತ್ತೆಯ ಮಂಡಿಗೆ ಎಣ್ಣೆ ತಿಕ್ಕಿದ್ದು, ಗಂಡನ ಬೂಟು ಒರೆಸಿದ್ದು, ಎರಡು ಬಕೆಟ್ ಬಟ್ಟೆ ಹಿಂಡಿ ತಾರಸಿಯಲ್ಲಿ ಹರವಿದ್ದು, ಸ್ನಾನಕ್ಕೆ ನೀರು ಕಾಯಿಸಿದ್ದು. ಹಾಲು ಒಲೆಯ ಮೇಲಿತ್ತು. ಈಗ ಮೈದುನನ ಬಿಳಿ ಕೋಟಿಗೆ ಇಸ್ತ್ರಿ.

ಮೈದುನ ಇನ್ನೂ ವೈದ್ಯಕೀಯ ಓದುತ್ತಿದ್ದಾನೆ. ಮನೆಯವರ ಬಾಯಲ್ಲಿ ಮಾತ್ರ ಕಾಲೇಜು ಸೇರಿದ ದಿನದಿಂದಲೇ 'ಡಾಕ್ಟ್ರು'. ಅಲ್ಲಿ ಈಗ ಪುಸ್ತಕ ಉರುಹೊಡೆದರೆ ಸಾಲದು. ಮನೋರೋಗ ವಿಭಾಗದಲ್ಲಿ ರೋಗಿಯನ್ನು ಮಾತಾಡಿಸಲು ಬರುತ್ತದೆಂದು ಮಾಡಿ ತೋರಿಸಬೇಕು. ಅದನ್ನು ದಾಖಲೆ ಪುಸ್ತಕದಲ್ಲಿ ಬರೆದು, ಕೊನೆಗೆ ಮಾತಾಡಿದವರಿಂದಲೇ ಅಭಿಪ್ರಾಯ ಪಡೆದು ಸಹಿ ಹಾಕಿಸಬೇಕು. ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಹೀಗೆ ಮಾತಾಡಿಸಬೇಕಾದ ಐವರಲ್ಲಿ ಒಬ್ಬರು ಆಸ್ಪತ್ರೆಯ ಹೊರಗಿನವರಾದರೂ ನಡೆಯುತ್ತದೆ. ಅದಕ್ಕೆ ಅತ್ತಿಗೆ ಸಿಕ್ಕಳು.

ಹೋದ ತಿಂಗಳು, ಅವಳು ಪಾತ್ರೆ ತೊಳೆಯುತ್ತಿದ್ದಾಗ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತ.

"ಅತ್ತಿಗೆ, ಸುಮ್ನೆ ರೋಗಿ ಥರ ಆಕ್ಟ್ ಮಾಡಿ. ನಿದ್ದೆ ಬರುತ್ತಾ?"

"ಬಿಟ್ರೆ ಬರುತ್ತಪ್ಪ."

"ಜೋಕ್ ಬೇಡ. ಸಾಯ್ಬೇಕು ಅಂತ ಯಾವತ್ತಾದ್ರೂ ಅನ್ಸಿದ್ಯಾ?"

ಹದಿನೆಂಟು ವರ್ಷದಲ್ಲಿ ಆ ಮನೆಯ ಯಾರೂ ಕೇಳದ ಪ್ರಶ್ನೆ. ಅವಳ ಕೈ ನೊರೆಯಲ್ಲೇ ನಿಂತಿತು. ಹೇಳಿಬಿಟ್ಟಳು: ಬಟ್ಟೆ ಒಣಹಾಕುವಾಗ ತಾರಸಿಯ ಅಂಚಿಗೆ ಹೋಗಿ ಕೆಳಗೆ ನೋಡುವುದುಂಟು, ಒಂದೇ ಹೆಜ್ಜೆ ಅನ್ನಿಸುವುದುಂಟು, ಅಷ್ಟರಲ್ಲಿ ಒಲೆಯ ಮೇಲಿನ ಹಾಲು ನೆನಪಾಗಿ ಇಳಿದು ಬರುತ್ತೇನೆ ಎಂದು.

"ಸೂಪರ್ ಅತ್ತಿಗೆ! ನಂಗೇ ಅಳು ಬಂತು!" ಎಂದ. ಊಟದ ಹೊತ್ತಿಗೆ ಎಲ್ಲರೆದುರು ಅವಳದೇ ದನಿಯಲ್ಲಿ ಅದನ್ನು ಮಾಡಿ ತೋರಿಸಿದ. ಮಾವನಿಗೆ ನಕ್ಕು ನಕ್ಕು ಕೆಮ್ಮು ಹತ್ತಿತು. ಗಂಡ, "ಲೇ, ಹಾರೋದಾದ್ರೆ ಇಸ್ತ್ರಿ ಮುಗ್ಸಿ ಹಾರು," ಎಂದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಅವಳು ಎಲ್ಲರಿಗೂ ಇನ್ನೊಂದು ಸುತ್ತು ಬಡಿಸಿದಳು. ಅಂದಿನಿಂದ ಎದೆಯಲ್ಲಿ ಬೂದಿ ಮುಚ್ಚಿದ ಕೆಂಡ.

ಈಗ ಮೈದುನ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದು ಅದೇ ದಾಖಲೆ ಪುಸ್ತಕವನ್ನು ಇಸ್ತ್ರಿ ಮೇಜಿನ ಮೇಲೆ ಇಟ್ಟ.

"ಎಲ್ಲಾದಕ್ಕೂ 'ಹೌದು' ಟಿಕ್ ಮಾಡಿ ಸೈನ್ ಹಾಕ್ಬಿಡಿ. ಇವತ್ತೇ ಕೊನೇ ದಿನ. ಓದ್ತಾ ಕೂರ್ಬೇಡಿ, ತಲೆನೋವು ಬಂದೀತು."

"ನೀರು ಕಾದಿದೆ, ಹೋಗು."

ಅವನು ಬಚ್ಚಲ ಬಾಗಿಲು ಹಾಕಿಕೊಂಡ ಮೇಲೆ, ತನ್ನ ಬಗ್ಗೆ ಬರೆದದ್ದನ್ನು ಓದಿದಳು. ಕಸುಬು: ಏನೂ ಇಲ್ಲ. ನಿದ್ದೆ: ಚೆನ್ನಾಗಿದೆ. ಸಾಯುವ ಯೋಚನೆ: ಇಲ್ಲ. ಷರಾ: ಗಮನ ಸೆಳೆಯುವ ಸ್ವಭಾವ.

ಇಸ್ತ್ರಿಪೆಟ್ಟಿಗೆ ಕಾದಿತ್ತು. ಹಾಳೆಯ ಮೇಲೆ ಎರಡು ನಿಮಿಷ ಮರೆತು ಬಿಟ್ಟರೆ ಸಾಕು. ಕೋಟಿನ ಬೆನ್ನಿಗೂ ಒಂದು ಮುದ್ರೆ ಒತ್ತಬಹುದು. ಆದರೆ ಸುಟ್ಟರೆ ತಪ್ಪು ಅವಳದು, ಒಂದು ಕೆಲಸವೂ ನೆಟ್ಟಗೆ ಬರುವುದಿಲ್ಲ ಎನ್ನುತ್ತಾರೆ. ಬರೆದರೆ ತಪ್ಪು ಅವನದು.

ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕೆ ನಿಲ್ಲಿಸಿ, ಕೆಳಗಿದ್ದ ಅಭಿಪ್ರಾಯದ ಪ್ರಶ್ನೆಗಳಿಗೆ ಪೆನ್ನು ಹಿಡಿದಳು. ವಿದ್ಯಾರ್ಥಿ ನಿಮ್ಮ ಮಾತನ್ನು ಪೂರ್ತಿ ಕೇಳಿದರೇ? ಇಲ್ಲ. ಗುಟ್ಟು ಕಾಪಾಡಿದರೇ? ಇಲ್ಲ, ಊಟದ ಹೊತ್ತಿನಲ್ಲಿ ನಾಟಕ ಆಡಿದರು. ನೀವು ಹೇಳಿದ್ದನ್ನೇ ಬರೆದರೇ? ಇಲ್ಲ, ತಾರಸಿಯ ಮಾತನ್ನು ನುಂಗಿದ್ದಾರೆ. ಒಂದೊಂದು 'ಇಲ್ಲ'ಕ್ಕೂ ಹುಳುಕು ಹಲ್ಲು ಕಿತ್ತಷ್ಟು ಹಾಯೆನಿಸಿತು. ಕಸುಬಿನ ಮುಂದಿದ್ದ 'ಏನೂ ಇಲ್ಲ' ಹೊಡೆದುಹಾಕಿ ಹಿಟ್ಟಿನಿಂದ ಇಸ್ತ್ರಿಯವರೆಗೆ ಬರೆದಳು. ಜಾಗ ಸಾಲದೆ ಅಂಚಿಗೂ ಹತ್ತಿತು.

"ಅತ್ತಿಗೆ, ಆಯ್ತಾ?" ಬಚ್ಚಲಿನಿಂದ ಕೂಗು.

"ಆಗ್ತಿದೆ ಡಾಕ್ಟ್ರೇ, ನಿಧಾನಕ್ಕೆ ಸ್ನಾನ ಮಾಡಿ!"

ಕೊನೆಯ ಸಾಲು ಉಳಿದಿತ್ತು: ಬೇರೆ ವೈದ್ಯರನ್ನು ಕಾಣಲು ಬಯಸುವಿರಾ? ಹೌದೆಂದರೆ ಆಸ್ಪತ್ರೆಯವರು ಮನೆಗೆ ಫೋನ್ ಮಾಡುತ್ತಾರೆ, ಅತ್ತೆಯೇ ಎತ್ತುತ್ತಾರೆ. ಮೈದುನನನ್ನು ಕೆಡವಲು ಮೇಲಿನ ಉತ್ತರಗಳೇ ಸಾಕಾಗಿದ್ದವು.

ಒಳಗೆ ಹಾಲು ಉಕ್ಕಿ ಒಲೆಗೆ ಸುರಿಯುವ ಸದ್ದು ಕೇಳಿಸಿತು. ಅವಳು ಏಳಲಿಲ್ಲ. 'ಹೌದು' ಎಂದು ಗುರುತು ಹಾಕಿ, ಕೆಳಗೆ ತನ್ನ ಪೂರ್ತಿ ಹೆಸರು ಬರೆದು ಸಹಿ ಮಾಡಿದಳು.