ಶನಿವಾರದ ಮಾತ್ರೆ ಮತ್ತು ಚೆಲುವಾಂಬ ಅವರು

ಅರಸೀಕೆರೆ, ಬೇಲೂರು ತಾಲ್ಲೂಕುಗಳಲ್ಲಿ ಕ್ಷಯರೋಗಿಗಳಿಗೆ ಔಷಧ ಮುಟ್ಟಿಸಿದವರು ಹಲವರಿದ್ದಾರೆ. ಆದರೆ ಕೆಮ್ಮು, ಜ್ವರ ಒಂದೂ ಇಲ್ಲದ ಮಕ್ಕಳ ಮೈಯಲ್ಲಿ ಮಲಗಿರುವ ರೋಗಾಣು ಏಳದಂತೆ ಮಾತ್ರೆ ನುಂಗಿಸುವ, ಯಾರೂ ಹೊಗಳದ ಕೆಲಸಕ್ಕೆ ಪಟ್ಟು ಹಿಡಿದು ನಿಂತವರಲ್ಲಿ ಈ ತಿಂಗಳು ನಿವೃತ್ತರಾಗುತ್ತಿರುವ ಹಿರಿಯ ಆರೋಗ್ಯ ಸಹಾಯಕಿ ಚೆಲುವಾಂಬ ಅವರು ಮೊದಲಿಗರು.

ಗಂಡಸಿ ಹೋಬಳಿಯಲ್ಲಿ ಲಸಿಕೆಯ ಪೆಟ್ಟಿಗೆ ಹೊತ್ತು ಸೇವೆ ಆರಂಭಿಸಿದ ಅವರು, ಜಾವಗಲ್ ದಾಟಿ ಹಳೇಬೀಡಿನ ಕಡೆಗೆ ಬರುವಷ್ಟರಲ್ಲಿ ಇಪ್ಪತ್ತೆಂಟು ವರ್ಷ ಕಳೆದಿತ್ತು. ಮಾತ್ರೆಯ ಖಾಲಿ ಪಟ್ಟಿ ತಂದು ತೋರಿಸಿದರೆ ಮಾತ್ರ ಮುಂದಿನ ವಾರದ್ದು ಎಂಬುದು ಅವರ ಪದ್ಧತಿ. ಮೇಲಿನವರು ಅದನ್ನು ಮೆಚ್ಚಿಕೊಂಡಿದ್ದರು. ಅದು ಸೋತದ್ದು ಹುಲಿಕೆರೆಯಲ್ಲಿ.

ಅಲ್ಲಿಯ ರೈತ ಹನುಮಂತಯ್ಯನವರಿಗೆ ಕ್ಷಯ ಬಂದಾಗ ಮನೆಯವರನ್ನೆಲ್ಲ ಪರೀಕ್ಷಿಸಲಾಯಿತು. ಹತ್ತನೆಯ ತರಗತಿಯ ಮಗಳು ಮೇಘಶ್ರೀಗೆ ರೋಗವಿರಲಿಲ್ಲ, ರೋಗಾಣು ಇತ್ತು. ಹನ್ನೆರಡು ವಾರ, ವಾರಕ್ಕೊಮ್ಮೆ ಮಾತ್ರೆ. ಮಧ್ಯಾಹ್ನಕ್ಕೇ ಶಾಲೆ ಬಿಡುವ ಶನಿವಾರವನ್ನು ಚೆಲುವಾಂಬ ಅವರೇ ಗೊತ್ತುಮಾಡಿದರು. ಐದನೆಯ ಖಾಲಿ ಪಟ್ಟಿಯೂ ಕೈಸೇರಿದ ದಿನ, ಅಡ್ಡ ಪರಿಣಾಮವೇನಾದರೂ ಉಂಟೇ ಎಂದು ವಿಚಾರಿಸಿದರು.

"ಮೊದ್ಲೆರಡು ವಾರ ಮೂತ್ರ ಕೇಸರಿ ಬಣ್ಣಕ್ಕಿತ್ತು ಸಿಸ್ಟರ್. ಈಗ ಸರಿಹೋಗೈತೆ."

ಮಾತ್ರೆ ಹೊಟ್ಟೆಗೆ ಹೋದರೆ ಆ ಬಣ್ಣ ಬರಲೇಬೇಕು. "ಹಂಗಾದ್ರೆ ಆಮೇಲಿಂದು ನುಂಗಿರೋದು ನೀನಲ್ಲ ಕಣೇ, ನಿಮ್ಮ ತೆಂಗಿನಮರ!"

ಹುಡುಗಿ ಅತ್ತಳು. ನುಂಗಿದ ಎರಡು ಸಲವೂ ವಾಂತಿಯಾಗಿತ್ತು. ಕೇಸರಿ ಬಣ್ಣವನ್ನು ರಕ್ತವೆಂದು ತಿಳಿದು ಹೆದರಿ, ಮೂರನೆಯ ವಾರದಿಂದ ಮಾತ್ರೆಯನ್ನು ತೆಂಗಿನ ಬುಡಕ್ಕೆ ಎಸೆದಿದ್ದಳು. ತಾಯಿ ಅನುಸೂಯಮ್ಮ ನಡುವೆ ಬಾಯಿ ಹಾಕಿದರು: "ಶನಿವಾರ ನಮ್ಮನೇಲಿ ಒಪ್ಪೊತ್ತು ಕಣ್ರೀ. ಸಂಜೆ ತಂಕ ಒಲೇನೇ ಹಚ್ಚಾಕಿಲ್ಲ."

"ಬರೀ ಹೊಟ್ಟೇಲಿ ನುಂಗಿದ್ಯಾ?"

"ನೀವು ನುಂಗು ಅಂದ್ರಿ. ಉಂಡು ನುಂಗು ಅನ್ನಲಿಲ್ಲ."

ವೈದ್ಯರು ರಕ್ತ ಪರೀಕ್ಷೆ ಮಾಡಿಸಿದರು, ಯಕೃತ್ತು ಚೆನ್ನಾಗಿತ್ತು. ಮಾತ್ರೆ ಮೊದಲಿನಿಂದ ಶುರುವಾಗಬೇಕೆಂದರು. "ನನಗೇನೂ ಆಗಿಲ್ವಲ್ಲ, ಇನ್ನೂ ಹನ್ನೆರಡು ವಾರ ಯಾಕೆ?" ಎಂದು ಮೇಘಶ್ರೀ ಹಟ ಹಿಡಿದಳು. ಬಿಟ್ಟರೆ ಮುಂದೆ ಅಪ್ಪನಂತೆಯೇ ಮಲಗಬೇಕಾದೀತು ಎಂಬುದನ್ನೂ, ಮೂತ್ರ ಬಣ್ಣ ತಿರುಗುತ್ತದೆ ಎಂಬುದನ್ನೂ, ಕಣ್ಣು ಹಳದಿಯಾದರೆ ಅಥವಾ ವಾಂತಿ ನಿಲ್ಲದಿದ್ದರೆ ಮಾತ್ರೆ ನಿಲ್ಲಿಸಿ ಕೂಡಲೇ ಫೋನ್ ಮಾಡಬೇಕೆಂಬುದನ್ನೂ ಚೆಲುವಾಂಬ ಅವರು ಆಗ ಬಿಡಿಸಿ ಹೇಳಿದರು. ಮೊದಲೇ ಹೇಳಿದರೆ ಮಕ್ಕಳು ಹೆದರಿ ಬಿಟ್ಟುಬಿಡುತ್ತಾರೆ ಎಂದು ಅಷ್ಟು ವರ್ಷ ಮುಚ್ಚಿಟ್ಟಿದ್ದ ಮಾತುಗಳವು. ಸೋಮವಾರಕ್ಕೆ ದಿನ ಬದಲಾಯಿತು. ಹನ್ನೆರಡು ಸೋಮವಾರವೂ ಅವರು ಬೆಳಗಿನ ಬಸ್ಸಿಗೆ ಬಂದು, ಹುಡುಗಿ ರೊಟ್ಟಿ ತಿಂದು ಮಾತ್ರೆ ನುಂಗಿದ ಮೇಲೆ ಅರ್ಧ ಗಂಟೆ ಪಕ್ಕದಲ್ಲಿ ಕುಳಿತರು.

ವರದಿಯಲ್ಲಿ ಕಚೇರಿಯವರು ಬರೆದಿದ್ದ 'ರೋಗಿಯ ನಿರ್ಲಕ್ಷ್ಯ' ಎಂಬುದನ್ನು ಹೊಡೆದುಹಾಕಿ, 'ಊಟ ವಿಚಾರಿಸದೆ ವಾರ ಗೊತ್ತುಮಾಡಿದ್ದು ನನ್ನ ತಪ್ಪು' ಎಂದು ಬರೆದರು. ಅದಕ್ಕೆ ಮೆಮೊ ಬಂತು.

ಮೇಘಶ್ರೀ ಈಗ ನರ್ಸಿಂಗ್ ಓದುತ್ತಿದ್ದಾಳೆ, ಆರೋಗ್ಯವಾಗಿದ್ದಾಳೆ. ಚೆಲುವಾಂಬ ಅವರಿಗೆ ದೀರ್ಘಾಯುಷ್ಯವನ್ನೂ ಗಟ್ಟಿ ಕಾಲುಗಳನ್ನೂ ಹಾರೈಸುತ್ತೇವೆ. ಹಳೇಬೀಡಿನ ಕಡೆ ಇನ್ನೂ ಏಳು ಮಕ್ಕಳ ಮಾತ್ರೆ ಮುಗಿದಿಲ್ಲ; ಮುಗಿಯುವವರೆಗೆ ಹೋಗಿ ಬರುತ್ತೇನೆಂದು ಅವರು ಹೇಳಿದ್ದಾರೆ. ಇಲಾಖೆ ಅಡ್ಡ ಬಾರದಿರಲಿ.